ಹಿಮಕುಸಿತವೂ ನಮ್ಮ ಹೊಣೆಯೂ

ಪ್ರತಿವರ್ಷ ದೀಪಾವಳಿ ಮುಗಿದು ಯಮದ್ವಿತೀಯೆ ಬಂತೆಂದರೆ ಹಿಮಾಲಯದ ಕೇದಾರನಾಥ ದೇವಾಲಯದ ಬಾಗಿಲು ಮುಚ್ಚುತ್ತದೆ. ಉತ್ಸವಮೂರ್ತಿಯು ಪಲ್ಲಕ್ಕಿಯಲ್ಲಿ ಊಖೀಮಠಕ್ಕೆ ಇಳಿದುಬರುತ್ತದೆ; ಬೇಸಿಗೆಯಲ್ಲಿ ಮರಳಿ ಬಾಗಿಲು ತೆರೆಯುವ ವರೆಗೆ ಪೂಜೆ-ಪುನಸ್ಕಾರಗಳೆಲ್ಲ ಅಲ್ಲಿಯೇ ನಡೆಯುತ್ತವೆ. ಆ ಕ್ಷೇತ್ರದ ರಾವಲರು ಕರ್ನಾಟಕದ ವೀರಶೈವ ಜಂಗಮ ಪರಂಪರೆಯಿಂದ ಬರುವವರೆಂಬದು ನಮ್ಮ ವಾಚಕರಲ್ಲಿ ಅನೇಕರಿಗೆ ತಿಳಿದ ವಿಷಯ. ಹಿಮ ಬೀಳುವ ಕಾಲದಲ್ಲಿ ಆ ಎತ್ತರವು ಮನುಷ್ಯವಾಸಕ್ಕೆ ತಕ್ಕುದಲ್ಲವೆಂದು ಕಂಡುಕೊಂಡ ಹಿರಿಯರು ದೇವರನ್ನೇ ಕೆಳಗಿಳಿಸಿ ತಂದರು. ಇದನ್ನು ಯಾರೂ ಭಕ್ತಿಯ ಕೊರತೆಯೆನ್ನಲಿಲ್ಲ, ಅಂಜುಬುರುಕುತನವೆನ್ನಲಿಲ್ಲ; ಕಾಲವರಿತು ನಡೆಯುವದೇ ಸರಿಯಾದ ನಡೆಯೆಂದು ತಿಳಿದರು. ಅದೇ ಬೆಟ್ಟಗಳಿಗೆ ಈಗ ನಮ್ಮ ನಾಡಿನ ತರುಣರು ಹಿಮ ಬೀಳುವ ಕಾಲವನ್ನೇ ಆರಿಸಿಕೊಂಡು ಹೋಗುತ್ತಿದ್ದಾರೆ. ಇನ್ನು ಕೆಲವರು ದೇಶದ ಆಜ್ಞೆಯಂತೆ ವರ್ಷದುದ್ದಕ್ಕೂ ಹಿಮದ ನಡುವೆ ಕಾವಲು ನಿಂತಿದ್ದಾರೆ. ಈ ಎರಡೂ ತರದವರ ವಿಷಯದಲ್ಲಿ ಮನೆಯಲ್ಲಿ ಕುಳಿತ ನಾವು ನಮ್ಮ ಹೊಣೆಯನ್ನು ಅರಿತಿದ್ದೇವೆಯೇ ಎಂಬದೇ ಇಂದಿನ ಪ್ರಶ್ನೆಯಾಗಿದೆ.

ಯಮಕನಮರಡಿಗೂ ಹಿಮಕ್ಕೂ ಏನು ಸಂಬಂಧವೆಂದು ಕೆಲವರು ಕೇಳಿಯಾರು. ಮರಡಿಯೆಂದರೆ ಗುಡ್ಡ, ನಮ್ಮ ಊರಿನ ಹೆಸರಿನಲ್ಲಿಯೇ ಗುಡ್ಡವಿದೆ. ಆದರೆ ನಾವು ಬಲ್ಲ ಗುಡ್ಡವು ನಸುಕಿನಲ್ಲಿ ಹತ್ತಿ ಊಟದ ಹೊತ್ತಿಗೆ ಇಳಿದು ಮನೆಗೆ ಬರುವಂಥದು. ಇಡೀ ಕರ್ನಾಟಕದಲ್ಲಿ ಎಲ್ಲಕ್ಕೂ ಎತ್ತರವಾದ ಮುಳ್ಳಯ್ಯನಗಿರಿಯೇ ೧,೯೩೦ ಮೀಟರು, ಅಂದರೆ ೬,೩೦೦ ಅಡಿಗಳಿಗೆ ತುಸು ಹೆಚ್ಚು. ಸಿಯಾಚಿನ್ ಹಿಮನದಿಯ ಮೇಲಿನ ಸೋನಂ ಎಂಬ ಕಾವಲು ಠಾಣ್ಯವಿರುವದು ೧೯,೬೦೦ ಅಡಿಗಳ ಎತ್ತರದಲ್ಲಿ. ಮೂರು ಮುಳ್ಳಯ್ಯನಗಿರಿಗಳನ್ನು ಒಂದರ ಮೇಲೊಂದು ಇಟ್ಟರೂ ಅದನ್ನು ಮುಟ್ಟಲಾರವು. ಅಂಥ ಸ್ಥಳದ ಸುಖದುಃಖ ನಮಗೆ ಹೇಗೆ ತಿಳಿಯಬೇಕು? ತಿಳಿಯುವ ಪ್ರಸಂಗ ಬಂದದ್ದು ೨೦೧೬ನೆಯ ಇಸವಿಯ ಫೆಬ್ರವರಿಯಲ್ಲಿ.

ಆ ತಿಂಗಳ ೩ನೆಯ ತಾರೀಖಿಗೆ ಸೋನಂ ಠಾಣ್ಯದ ಮೇಲೆ ಹಿಮದ ದೊಡ್ಡ ಗೋಡೆಯೊಂದು ಕುಸಿದುಬಿದ್ದು ಮದ್ರಾಸ್ ರೆಜಿಮೆಂಟಿನ ೧೯ನೆಯ ದಳದ ಹತ್ತು ಜನ ಯೋಧರು ಅದರ ಕೆಳಗೆ ಹುದುಗಿದರು. ಕಲ್ಲಿನಷ್ಟು ಗಟ್ಟಿಯಾದ ಹಿಮವನ್ನು ಯಂತ್ರಗಳಿಂದ ಕೊರೆದು, ನಾಯಿಗಳ ಮೂಗನ್ನು ನಂಬಿ, ಹಗಲಿರುಳು ಹುಡುಕಿದ ಮೇಲೆ ಆರನೆಯ ದಿನ ಸುಮಾರು ೨೫ ಅಡಿ ಆಳದಲ್ಲಿ ಒಬ್ಬನು ಜೀವಂತವಾಗಿ ಸಿಕ್ಕನು. ಅವನೇ ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ. ದೇಶವೆಲ್ಲ ಅವನಿಗಾಗಿ ದೇವರ ಮೊರೆ ಹೊಕ್ಕಿತು. ಆದರೆ ಫೆಬ್ರವರಿ ೧೧ರಂದು ದಿಲ್ಲಿಯ ಸೈನಿಕ ಆಸ್ಪತ್ರೆಯಲ್ಲಿ ಆತನು ತೀರಿಕೊಂಡನು. ಉಳಿದ ಒಂಬತ್ತು ಜನರಲ್ಲಿ ಹಾಸನ ಮತ್ತು ಮೈಸೂರು ಜಿಲ್ಲೆಗಳ ಇಬ್ಬರು ಕನ್ನಡಿಗರೂ ಇದ್ದರು. ಬಿಸಿಲಿನ ಎರೆಭೂಮಿಯಲ್ಲಿ ಹುಟ್ಟಿದ ಮಗನು ಹಿಮದ ಕೆಳಗೆ ಆರು ದಿನ ಉಸಿರು ಹಿಡಿದುಕೊಂಡಿದ್ದನೆಂಬದನ್ನು ಕೇಳಿ ಕಣ್ಣೀರಿಡದ ಮನೆ ನಮ್ಮ ಭಾಗದಲ್ಲಿ ಇರಲಿಕ್ಕಿಲ್ಲ.

ಅಂದು ಸಲ್ಲಿಸಿದ ಗೌರವ ಯೋಗ್ಯವೇ ಆಗಿತ್ತು. ಆದರೆ ಆ ಶೋಕದೊಂದಿಗೆ ಒಂದು ಮಾತನ್ನೂ ನಾವು ಸಲೀಸಾಗಿ ಆಡಿಬಿಟ್ಟೆವು: 'ದೈವದ ಮುಂದೆ ಯಾರದೇನು?' ಈ ಮಾತಿನ ವಿಷಯದಲ್ಲಿಯೇ ನಮ್ಮ ತಕರಾರು. ಹಿಮ ಕುಸಿಯುವದು ಸೃಷ್ಟಿಯ ಕೆಲಸವೆಂಬದು ನಿಜ. ಕುಸಿಯುವ ಜಾಗದಲ್ಲಿ, ಕುಸಿಯುವ ವೇಳೆಯಲ್ಲಿ ಮನುಷ್ಯನು ಇರುವದು ಬಹಳ ಮಟ್ಟಿಗೆ ಮನುಷ್ಯರ ಕೆಲಸ. ಎಲ್ಲ ಹೊಣೆಯನ್ನೂ ದೈವದ ಮೇಲೆ ಹೊರಿಸಿದರೆ ಮುಂದಿನ ಸಲದ ಸಾವಿಗೆ ನಾವೇ ದಾರಿ ಮಾಡಿಕೊಟ್ಟಂತಾಗುವದು.

ಹಿಮವು ಹೇಗೆ ಕುಸಿಯುತ್ತದೆಂಬದನ್ನು ವಾಚಕರು ತುಸು ಸಮಾಧಾನದಿಂದ ವಿಚಾರಿಸಬೇಕು. ಕಣದಲ್ಲಿ ಜೋಳದ ರಾಶಿ ಹಾಕುವ ನಮ್ಮ ಒಕ್ಕಲಿಗನಿಗೆ ಒಂದು ಸಂಗತಿ ಗೊತ್ತು: ರಾಶಿಯು ಒಂದು ಇಳಿಜಾರಿನ ವರೆಗೆ ನಿಲ್ಲುತ್ತದೆ, ಅದಕ್ಕೂ ಕಡಿದಾದರೆ ಕಾಳು ಜಾರುತ್ತದೆ. ಹಿಮಕ್ಕೂ ಅಂಥ ಲೆಕ್ಕವಿದೆ. ೩೦ರಿಂದ ೪೫ ಅಂಶಗಳ ಇಳಿಜಾರಿನಲ್ಲಿಯೇ ಹೆಚ್ಚಿನ ಕುಸಿತಗಳಾಗುತ್ತವೆ. ಅದಕ್ಕಿಂತ ಬಹಳ ಸಪಾಟಾದ ಕಡೆ ಹಿಮವು ನಿಂತುಕೊಳ್ಳುತ್ತದೆ. ಬಹಳ ಕಡಿದಾದ ಕಡೆ ದೊಡ್ಡ ರಾಶಿಯಾಗುವ ಮೊದಲೇ ಸ್ವಲ್ಪ ಸ್ವಲ್ಪವಾಗಿ ಉದುರಿಹೋಗುತ್ತದೆ. ಏರಲಿಕ್ಕೆ ಅನುಕೂಲವೆಂದು ಕಣ್ಣಿಗೆ ತೋರುವ ನಡುವಿನ ಇಳಿಜಾರೇ ಅಪಾಯದ ಮನೆ.

ಇನ್ನೊಂದು ಸಂಗತಿಯು ನಮ್ಮ ಕಬ್ಬಿನ ಸೀಮೆಯವರಿಗೆ ಬೇಗ ತಿಳಿಯುವಂಥದು. ಹಿಮವು ಒಂದೇ ಸಲಕ್ಕೆ ಬಿದ್ದು ಒಂದೇ ಗಡ್ಡೆಯಾಗುವದಿಲ್ಲ. ಬಿರುಗಾಳಿ ಬಂದಂತೆ ಪದರಿನ ಮೇಲೆ ಪದರು ಕೂಡುತ್ತದೆ. ಚಳಿಗಾಲದ ನಿರಭ್ರ ರಾತ್ರಿಗಳಲ್ಲಿ ಮೇಲುಮೈ ಅತಿಯಾಗಿ ತಣ್ಣಗಾಗುತ್ತದೆ, ನೆಲದ ಹತ್ತಿರ ಅಷ್ಟು ತಣ್ಣಗಿರುವದಿಲ್ಲ. ಈ ವ್ಯತ್ಯಾಸದಿಂದ ಕೆಳಗಿನ ಪದರಿನ ಹಿಮವು ತನ್ನ ಅಂಟನ್ನು ಕಳೆದುಕೊಂಡು ಸಕ್ಕರೆಯ ಹರಳಿನಂತಾಗುತ್ತದೆ. ಕಾರಖಾನೆಯಲ್ಲಿ ಸಕ್ಕರೆಯ ಗುಡ್ಡೆಯ ಮೇಲೆ ಕಾಲಿಟ್ಟವನಿಗೆ ಅದು ಹೇಗೆ ಜಾರುವದೆಂಬದು ಗೊತ್ತು. ಇಂಥ ಹರಳಿನ ಮೇಲೆ ಹೊಸ ಹಿಮದ ಗಟ್ಟಿ ಹಾಸು ಬಂದು ಕುಳಿತರೆ ನೋಡುವವರಿಗೆ ಅದು ಭದ್ರವಾದ ನೆಲದಂತೆ ಕಾಣುತ್ತದೆ. ಒಬ್ಬನ ಹೆಜ್ಜೆಯ ಭಾರಕ್ಕೆ ಕೆಳಗಿನ ಪದರು ಮುರಿದರೆ ಸಾಕು, ಮೇಲಿನ ಹಾಸೆಲ್ಲ ಬಿರುಕುಬಿಟ್ಟು ಒಮ್ಮೆಲೆ ಹೊರಡುತ್ತದೆ. ಬೆಟ್ಟ ಹತ್ತುವವರು ಸಿಕ್ಕಿಕೊಂಡ ಕುಸಿತಗಳಲ್ಲಿ ಬಹುಪಾಲು ಅವರಿಂದಲೋ ಅವರ ಸಂಗಡಿಗರಿಂದಲೋ ಎಬ್ಬಿಸಲ್ಪಟ್ಟವುಗಳೆಂದು ಇದನ್ನು ಅಭ್ಯಾಸ ಮಾಡಿದವರು ಹೇಳುತ್ತಾರೆ. ಈ ಒಂದು ಮಾತೇ ದೈವವಾದಕ್ಕೆ ಸಾಕಾದ ಉತ್ತರವಾಗಿದೆ.

ಅಪಾಯದ ಗುರುತುಗಳೂ ಗುಪ್ತವಾದವುಗಳಲ್ಲ. ದೊಡ್ಡ ಹಿಮಪಾತವಾದ ತರುವಾಯದ ಒಂದೆರಡು ದಿನಗಳು ಎಲ್ಲಕ್ಕೂ ಕೆಟ್ಟವು. ಗಾಳಿಯು ಒಂದು ಮಗ್ಗುಲಿನ ಹಿಮವನ್ನು ಗುಡಿಸಿ ಇನ್ನೊಂದು ಮಗ್ಗುಲಿಗೆ ಪೇರಿಸುವದರಿಂದ ಗಾಳಿಯ ಮರೆಯ ಇಳಿಜಾರನ್ನು ನಂಬಬಾರದು. ಹೊತ್ತೇರಿ ಬಿಸಿಲು ತಾಕಿದಂತೆ ಹಿಮದ ಹಿಡಿತ ಸಡಿಲಾಗುವದರಿಂದಲೇ ಬಲ್ಲವರು ನಡುರಾತ್ರಿಯಲ್ಲಿ ಹೊರಟು ಮಧ್ಯಾಹ್ನದೊಳಗೆ ಇಳಿದುಬಿಡುತ್ತಾರೆ. ಹತ್ತಿರದ ಇಳಿಜಾರಿನಲ್ಲಿ ಹೊಸ ಕುಸಿತದ ಗುರುತು ಕಂಡರೆ, ಹೆಜ್ಜೆಯಿಟ್ಟಾಗ ನೆಲವು ಒಳಗೆ ಗುಮ್ಮೆಂದು ಕುಗ್ಗಿದರೆ, ಕಾಲಿನ ಮುಂದೆ ಬಿರುಕು ಓಡಿದರೆ ಅಲ್ಲಿಂದಲೇ ತಿರುಗಬೇಕು. ಸೋನಂ ಠಾಣ್ಯದಲ್ಲಿ ಆದಂತೆ ಹಿಮದ ಗೋಡೆಯೇ ಮುರಿದುಬೀಳುವ ಪ್ರಕಾರವು ಇದಕ್ಕಿಂತ ಬೇರೆ. ಅದರ ಗಳಿಗೆಯನ್ನು ಹೇಳುವದು ಕಠಿಣ. ಆದರೆ ಗೋಡೆ ಎಲ್ಲಿ ತೂಗಿಕೊಂಡಿದೆಯೆಂಬದು ಕಣ್ಣಿಗೆ ಕಾಣುವ ಸಂಗತಿ. ಅದರ ಬುಡದಲ್ಲಿ ಎಷ್ಟು ಜನ, ಎಷ್ಟು ಹೊತ್ತು ಇರಬೇಕೆಂಬದನ್ನಾದರೂ ತೂಗಿ ನೋಡಬಹುದು.

ಹುದುಗಿದವನ ಆಯುಷ್ಯದ ಲೆಕ್ಕವು ಇನ್ನೂ ಕಠೋರವಾದದ್ದು. ಕಾಲು ಗಂಟೆಯೊಳಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಜನ ಬದುಕಿದ್ದಾರೆಂದು ಸ್ವಿಟ್ಝರ್ಲಂಡಿನ ಹಳೆಯ ಲೆಕ್ಕಗಳು ತೋರಿಸಿದ್ದವು. ಈಚಿನ ಅಭ್ಯಾಸಗಳು ಆ ಅವಧಿಯನ್ನು ಹತ್ತು ನಿಮಿಷಕ್ಕೆ ಇಳಿಸಿವೆ. ಅರ್ಧ ಗಂಟೆ ಮೀರಿದರೆ ಮೂವರಲ್ಲಿ ಒಬ್ಬನು ಉಳಿಯುವದೂ ಕಷ್ಟ. ಹನುಮಂತಪ್ಪನು ಆರು ದಿನ ಉಳಿದದ್ದು ಸಾವಿರಕ್ಕೊಂದು ಸಂಗತಿ. ಅದನ್ನು ನಿಯಮವೆಂದು ತಿಳಿಯಬಾರದು. ಆದುದರಿಂದ ದೂರದ ಊರಿನಿಂದ ಬರುವ ಹೆಲಿಕಾಪ್ಟರು ಹುದುಗಿದವನನ್ನು ಉಳಿಸಲಾರದು. ಉಳಿಸುವದಾದರೆ ಪಕ್ಕದಲ್ಲಿದ್ದ ಸಂಗಡಿಗನೇ ಉಳಿಸಬೇಕು. ಅದಕ್ಕೆ ಬೇಕಾದ ಸಾಮಾನುಗಳು ಮೂರೇ: ಪ್ರತಿಯೊಬ್ಬನ ಎದೆಗೆ ಕಟ್ಟಿಕೊಂಡ, ತಾನಿರುವ ಜಾಗದ ಸಂಜ್ಞೆಯನ್ನು ಹೊರಡಿಸುವ ಪುಟ್ಟ ರೇಡಿಯೋ ಯಂತ್ರ, ಹಿಮದಲ್ಲಿ ಚುಚ್ಚಿ ನೋಡುವ ಉದ್ದನ್ನ ಸಲಾಕೆ ಮತ್ತು ಒಂದು ಸಲಿಕೆ. ಇವುಗಳನ್ನು ಹೊತ್ತರೆ ಸಾಲದು, ಬಳಸುವ ರೂಢಿಯೂ ಆಗಿರಬೇಕು.

ಬರಬಹುದಾದ ಕುಸಿತವನ್ನು ಮುಂಚಿತವಾಗಿ ಹೇಳುವ ವಿದ್ಯೆಯೂ ಇಂದು ನಿನ್ನೆಯದಲ್ಲ. ಸ್ವಿಟ್ಝರ್ಲಂಡದಲ್ಲಿ ೧೯೪೫ರಿಂದ ಹಿಮದ ಸ್ಥಿತಿಯ ಸೂಚನಾಪತ್ರಗಳು ಜನರಿಗಾಗಿ ಹೊರಡುತ್ತಿವೆ. ನಮ್ಮ ದೇಶದಲ್ಲಿ ಇದರ ಅಭ್ಯಾಸಕ್ಕೆಂದೇ ೧೯೬೯ರಲ್ಲಿ ಮನಾಲಿಯಲ್ಲಿ ಒಂದು ಸಂಸ್ಥೆ ಸ್ಥಾಪನೆಯಾಯಿತು. ೨೦೨೦ರಲ್ಲಿ ಅದನ್ನು ಚಂಡೀಗಡದ ರಕ್ಷಣಾ ಭೂಮಾಹಿತಿ ಸಂಶೋಧನಾ ಸಂಸ್ಥೆಯಲ್ಲಿ ಕೂಡಿಸಲಾಯಿತು. ಕಾಶ್ಮೀರ, ಲಡಾಖ, ಹಿಮಾಚಲ, ಉತ್ತರಾಖಂಡಗಳಿಗೆ ಅಪಾಯದ ಸೂಚನೆಗಳನ್ನು ಹೊರಡಿಸುವವರು ಇವರೇ. ಅಂದಮೇಲೆ ವಿದ್ಯೆಯ ಅಭಾವವೆಂದು ಕೈ ಚೆಲ್ಲುವಂತಿಲ್ಲ. ಕೊರತೆ ಬೇರೆಲ್ಲಿಯೋ ಇದೆ.

ಅದು ಎಲ್ಲಿದೆಯೆಂಬದನ್ನು ೨೦೨೫ನೆಯ ಫೆಬ್ರವರಿ ೨೮ರ ಪ್ರಸಂಗವು ಸ್ಪಷ್ಟವಾಗಿ ತೋರಿಸಿತು. ಬದರೀನಾಥದ ಹತ್ತಿರದ ಮಾಣಾ ಎಂಬಲ್ಲಿ ರಸ್ತೆಯ ಕೆಲಸಕ್ಕಾಗಿ ಬೀಡು ಬಿಟ್ಟಿದ್ದ ೫೪ ಕೂಲಿಗಾರರ ಮೇಲೆ ಹಿಮ ಕುಸಿಯಿತು. ಸೈನಿಕರ ಸಾಹಸದಿಂದ ೪೬ ಜನರು ಉಳಿದರು, ಎಂಟು ಜನರು ಸತ್ತರು. ಅದರ ಹಿಂದಿನ ಸಂಜೆಯೇ ಚಂಡೀಗಡದ ಸಂಸ್ಥೆಯು ಆ ಜಿಲ್ಲೆಯ ಎತ್ತರದ ಪ್ರದೇಶಗಳಿಗೆ ಅಪಾಯದ ಸೂಚನೆಯನ್ನು ಕೊಟ್ಟಿತ್ತು! ಸೂಚನೆ ಹೊರಟಿತ್ತು, ಬೀಡು ಕದಲಲಿಲ್ಲ. ಕಾಗದಕ್ಕೂ ಕಾಲಿಗೂ ನಡುವೆ ಇರುವ ಈ ಅಂತರದಲ್ಲಿಯೇ ಎಂಟು ಜೀವಗಳು ಹೋದವು.

ನಮ್ಮ ಘಟಪ್ರಭೆಯ ದಂಡೆಯವರಿಗೆ ಈ ಮಾತನ್ನು ಹೆಚ್ಚು ವಿವರಿಸಬೇಕಾದದ್ದಿಲ್ಲ. ಹಿಡಕಲ್ ಜಲಾಶಯದಿಂದ ನೀರು ಬಿಡುವ ಮುಂಚೆ ಹೊಳೆಸಾಲಿನ ಹಳ್ಳಿಗಳಿಗೆ ಎಚ್ಚರಿಕೆ ಹೋಗುತ್ತದೆ, ದನಕರುಗಳನ್ನು ಹೊಡೆದುಕೊಂಡು ಮೇಲೆ ಬನ್ನಿರೆಂದು ಸಾರುತ್ತಾರೆ. ೨೦೧೯ರ ಆಗಸ್ಟದಲ್ಲಿ ಗೋಕಾಕ ಪಟ್ಟಣದೊಳಗೆ ಹೊಳೆ ಹೊಕ್ಕಾಗ ಎಚ್ಚರಿಕೆಯ ಮಾತಿಗೆ ಎಷ್ಟು ಬೆಲೆಯುಂಟೆಂಬದನ್ನು ಎಲ್ಲರೂ ಕಂಡರು. ಸಾರಿದ್ದನ್ನು ಕೇಳಿ ಜನರನ್ನು ಎಬ್ಬಿಸುವ ಒಬ್ಬ ಅಧಿಕಾರಿ ಇಲ್ಲದಿದ್ದರೆ ಸಾರಿ ಏನು ಫಲ? ಹೊಳೆಗೆ ಸಲ್ಲುವ ನ್ಯಾಯವು ಹಿಮಕ್ಕೂ ಸಲ್ಲಬೇಡವೇ?

ಇನ್ನು ಸ್ವಸಂತೋಷದಿಂದ ಬೆಟ್ಟಕ್ಕೆ ಹೋಗುವವರ ಮಾತು. ೨೦೨೨ರ ಅಕ್ಟೋಬರ ೪ರಂದು ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಯ ಶಿಕ್ಷಣಾರ್ಥಿಗಳ ತಂಡವು ದ್ರೌಪದೀ ಕಾ ಡಾಂಡಾ ಎಂಬ ಶಿಖರದ ಹತ್ತಿರ ಕುಸಿತಕ್ಕೆ ಸಿಕ್ಕು ೨೯ ಜನರು ಗತಿಸಿದರು. ಅವರಲ್ಲಿ ಕರ್ನಾಟಕದ ತರುಣರೂ ಇದ್ದರು. ಕಲಿಸುವವರು ನುರಿತವರು, ಕಲಿಯುವವರು ಮೊದಲ ಪಾಠ ಮುಗಿಸಿದವರು, ಸಂಸ್ಥೆಯು ದೇಶದಲ್ಲಿಯೇ ಹೆಸರಾದದ್ದು. ಆದರೂ ಹಿಮವು ಯಾರ ಪ್ರಮಾಣಪತ್ರವನ್ನೂ ನೋಡಲಿಲ್ಲ. ೨೦೨೪ರ ಜೂನ ತಿಂಗಳ ಮೊದಲ ವಾರದಲ್ಲಿ ಅದೇ ಉತ್ತರಕಾಶಿಯ ಸೀಮೆಯ ಸಹಸ್ರತಾಲವೆಂಬ ಎತ್ತರದ ಸರೋವರಕ್ಕೆ ಹೋದ ೨೨ ಜನರ ತಂಡವು ಮರಳುವಾಗ ಹಿಮದ ಬಿರುಗಾಳಿಗೆ ಸಿಕ್ಕಿತು. ಕರ್ನಾಟಕದಿಂದ ಹೊರಟ ಈ ತಂಡದಲ್ಲಿ ಒಂಬತ್ತು ಜನರು ಚಳಿಯಿಂದ ಸತ್ತರು. ಅವರಲ್ಲಿ ಹಲವರು ನಡುವಯಸ್ಸು ದಾಟಿದವರು, ಬೆಟ್ಟದ ರೂಢಿಯುಳ್ಳವರು. ರಾಜ್ಯದ ಮಂತ್ರಿ ಶ್ರೀ ಕೃಷ್ಣ ಬೈರೇಗೌಡರು ಡೆಹರಾಡೂನಿಗೆ ಧಾವಿಸಿ ಬದುಕುಳಿದವರನ್ನು ಕರೆತರುವ ಏರ್ಪಾಡು ಮಾಡಿದರು. ಅಲ್ಲಿ ಆದದ್ದು ಹಿಮಕುಸಿತವಲ್ಲ, ಚಳಿಗಾಲವೂ ಅಲ್ಲ. ನಮ್ಮ ರೈತರು ಮುಂಗಾರಿನ ದಾರಿ ನೋಡುವ ದಿನಗಳು. ಆ ಎತ್ತರಕ್ಕೆ ನಮ್ಮ ಪಂಚಾಂಗ ಸಲ್ಲುವದಿಲ್ಲವೆಂಬದೇ ಅದರ ಪಾಠ. ಜೂನದಲ್ಲಿಯೇ ಈ ಗತಿಯಾದರೆ, ಪುಷ್ಯ-ಮಾಘ ಮಾಸಗಳಲ್ಲಿ ಕೇದಾರಕಂಠದಂಥ ಶಿಖರಗಳಿಗೆ ಬೆಂಗಳೂರಿನಿಂದ ಸಾಲುಗಟ್ಟಿ ಹೋಗುವ ತರುಣರ ವಿಷಯದಲ್ಲಿ ಎಷ್ಟು ಎಚ್ಚರ ಬೇಕು!

ಇಲ್ಲಿ ಎರಡು ಆಕ್ಷೇಪಗಳು ಬರುವವು. ಸೈನಿಕನು ಎಲ್ಲಿ ನಿಲ್ಲಬೇಕೆಂಬದನ್ನು ಗಡಿಯು ಗೊತ್ತುಮಾಡುತ್ತದೆಯೇ ಹೊರತು ಹವೆಯಲ್ಲವೆಂಬದು ಮೊದಲನೆಯದು. ಇದನ್ನು ನಾವು ಒಪ್ಪುತ್ತೇವೆ. ೧೯೮೪ರ ಏಪ್ರಿಲದಿಂದ ಸಿಯಾಚಿನ್ನಿನಲ್ಲಿ ನಮ್ಮ ಸೈನ್ಯ ನಿಂತಿದೆ. ಅಲ್ಲಿ ಗುಂಡಿಗಿಂತ ಹವೆಯೇ ಹೆಚ್ಚು ಜನರನ್ನು ಕೊಂದಿದೆಯೆಂಬದು ಎರಡೂ ಕಡೆಯವರಿಗೆ ಗೊತ್ತು. ೨೦೧೨ರ ಏಪ್ರಿಲ ೭ರಂದು ಗಯಾರಿಯಲ್ಲಿ ಪಾಕಿಸ್ತಾನದ ಠಾಣ್ಯವೇ ಹಿಮದಲ್ಲಿ ಹುದುಗಿ ೧೪೦ ಜನರು ಸತ್ತರು. ಆದರೆ ನಿಲ್ಲುವದು ಅನಿವಾರ್ಯವಾದಷ್ಟೂ ನಿಲ್ಲಿಸಿದವರ ಹೊಣೆ ಹೆಚ್ಚುತ್ತದೆ. ೨೦೨೦ರ ಫೆಬ್ರವರಿಯಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿಯು ಎತ್ತರದ ಠಾಣ್ಯಗಳ ಸೈನಿಕರಿಗೆ ಹಿಮದ ಉಡುಪು, ಕನ್ನಡಕ, ಬೂಟುಗಳನ್ನು ಒದಗಿಸುವದರಲ್ಲಿ ವಿಳಂಬವೂ ಕೊರತೆಯೂ ಆದುದನ್ನು ಎತ್ತಿ ಆಡಿತ್ತು. ಗಡಿಯು ಹವೆಯನ್ನು ಕೇಳುವದಿಲ್ಲವೆಂಬದು ನಿಜವಾದರೂ, ಬೂಟು ತಡವಾದದ್ದು ಗಡಿಯ ತಪ್ಪಲ್ಲ. ಬೆಳಗಾವಿಯ ಮರಾಠಾ ಪದಾತಿದಳದ ಕೇಂದ್ರದಿಂದಲೂ ಇತರ ದಳಗಳ ಮುಖಾಂತರವೂ ಮಕ್ಕಳನ್ನು ಕಳಿಸುತ್ತ ಬಂದಿರುವ ನಮ್ಮ ಜಿಲ್ಲೆಯು ಈ ಲೆಕ್ಕವನ್ನು ಕೇಳಲು ಹಕ್ಕುಳ್ಳದ್ದಾಗಿದೆ.

ತರುಣರ ಸಾಹಸವನ್ನು ಹತ್ತಿಕ್ಕಬಾರದೆಂಬದು ಎರಡನೆಯ ಆಕ್ಷೇಪ. ನಾವೂ ಹತ್ತಿಕ್ಕಲು ಹೇಳುವವರಲ್ಲ. ಕೊಡಗಿನ ವೀರ ತಿಮ್ಮಯ್ಯನವರು ೧೯೪೮ರ ನವೆಂಬರದಲ್ಲಿ ಹನ್ನೊಂದು ಸಾವಿರ ಅಡಿಗಳಿಗೂ ಎತ್ತರದ ಝೋಜಿ ಕಣಿವೆಗೆ ಟ್ಯಾಂಕುಗಳನ್ನೇರಿಸಿ ಲಡಾಖದ ದಾರಿಯನ್ನು ಬಿಡಿಸಿದ್ದನ್ನು ಹೆಮ್ಮೆಯಿಂದ ನೆನೆಯುವ ನಾಡು ಇದು. ಆದರೆ ಅದು ಸಿದ್ಧತೆ ಮಾಡಿ, ದಾರಿ ಕಡಿದು, ಹವೆ ನೋಡಿ ಹೊರಟ ಸಾಹಸ. ಸೈನಿಕನಿಗೆ ತಿರುಗಿ ಬರುವ ಸ್ವಾತಂತ್ರ್ಯವಿಲ್ಲ, ಪ್ರವಾಸಿಗೆ ಇದೆ. ಇದ್ದ ಸ್ವಾತಂತ್ರ್ಯವನ್ನು ಬಳಸದೆ ಸಾಯುವದಕ್ಕೆ ವೀರಮರಣವೆನ್ನುವದು ನಿಜವಾದ ವೀರರಿಗೆ ಅಪಚಾರ. ಹಣ ತುಂಬಿಯಾಗಿದೆ, ರಜೆ ಸಿಕ್ಕಿದೆ, ಶಿಖರದ ಮೇಲೆ ಛಾಯಾಚಿತ್ರ ತೆಗೆಸಿಕೊಳ್ಳಬೇಕಾಗಿದೆ. ಈ ಮೂರು ಕಾರಣಗಳೇ ಬಹಳ ಜನರನ್ನು ತಿರುಗಬೇಕಾದ ಸ್ಥಳದಿಂದ ಮುಂದಕ್ಕೆ ತಳ್ಳುತ್ತವೆ.

ಆದುದರಿಂದ ನಮ್ಮ ಸೂಚನೆಗಳು ಇಷ್ಟು. ಎತ್ತರದ ಠಾಣ್ಯಗಳ ಉಡುಪು-ಸಾಮಾನುಗಳು ಹಿಮಕ್ಕಿಂತ ಮೊದಲು ಮುಟ್ಟಿದವೋ ಇಲ್ಲವೋ ಎಂಬದನ್ನು ಕೇಂದ್ರ ಸರಕಾರವು ಪ್ರತಿವರ್ಷ ಸಂಸತ್ತಿಗೆ ತಿಳಿಸಬೇಕು. ನಮ್ಮ ಭಾಗದ ಸಂಸತ್ಸದಸ್ಯರು ಅದನ್ನು ಕೇಳಬೇಕು. ಅಪಾಯದ ಸೂಚನೆ ಬಂದೊಡನೆ ಕೂಲಿಗಾರರ ಬೀಡನ್ನು ತೆರವು ಮಾಡಿಸುವ ಹೊಣೆಯನ್ನು ಹೆಸರಿಟ್ಟು ಒಬ್ಬ ಅಧಿಕಾರಿಗೆ ಒಪ್ಪಿಸಬೇಕು. ಎಲ್ಲರ ಹೊಣೆಯೆಂದರೆ ಯಾರ ಹೊಣೆಯೂ ಅಲ್ಲ. ಕರ್ನಾಟಕದಿಂದ ಹಿಮದ ಬೆಟ್ಟಗಳಿಗೆ ಹೊರಡುವ ಪ್ರತಿಯೊಂದು ತಂಡವು ತನ್ನ ಮಾರ್ಗ, ದಿನ, ಮಾರ್ಗದರ್ಶಿ, ಸಾಮಾನುಗಳ ವಿವರವನ್ನು ರಾಜ್ಯ ಸರಕಾರದಲ್ಲಿ ನಮೂದಿಸುವಂತಾಗಬೇಕು. ತಿಮ್ಮಯ್ಯನವರ ಹೆಸರಿನಲ್ಲಿಯೇ ಬೆಂಗಳೂರಿನಲ್ಲಿ ನಡೆದಿರುವ ರಾಷ್ಟ್ರೀಯ ಸಾಹಸ ಅಕಾಡೆಮಿಯು ಈ ಕೆಲಸಕ್ಕೆ ಯೋಗ್ಯವಾದ ಸ್ಥಳ. ಹಿಮದ ಗುಣ, ಅಪಾಯದ ಗುರುತು, ಹುದುಗಿದವನನ್ನು ತೆಗೆಯುವ ಕ್ರಮ ಇವುಗಳನ್ನು ತಿಳಿಸುವ ಕೈಪಿಡಿಯೊಂದು ಸರಳವಾದ ಕನ್ನಡದಲ್ಲಿ ಹೊರಡಲಿ. ಸೈನ್ಯಕ್ಕೆ ಹೋಗುವ ಹಳ್ಳಿಯ ಹುಡುಗನೂ ಅದನ್ನು ಓದಲಿ, ಕಳಿಸಿಕೊಡುವ ತಾಯಿತಂದೆಗಳೂ ಓದಲಿ. ಜೀವ ಉಳಿಸುವ ವಿದ್ಯೆಯು ಪರಭಾಷೆಯಲ್ಲಿ ಮಾತ್ರ ಇದ್ದರೆ ಅದು ನಮ್ಮ ಮನೆಯ ಹೊಸ್ತಿಲನ್ನು ದಾಟುವದಿಲ್ಲ.

ತಂಡ ಕಟ್ಟಿ ಕರೆದೊಯ್ಯುವವರಿಗೆ ಒಂದು ಮಾತು: ನಡುದಾರಿಯಿಂದ ತಿರುಗಿದರೆ ಹಣದ ಒಂದಂಶವನ್ನು ಮರಳಿಸುವೆವೆಂದು ಮೊದಲೇ ಬರೆದುಕೊಡಿರಿ, ತಿರುಗುವ ತೀರ್ಮಾನವನ್ನು ಮಾರ್ಗದರ್ಶಿಯೊಬ್ಬನ ಕೈಯಲ್ಲಿಯೇ ಇಡಿರಿ. ಪಾಲಕರಿಗೆ ಇನ್ನೊಂದು: ಮಗನೋ ಮಗಳೋ ಬೆಟ್ಟಕ್ಕೆ ಹೊರಟಾಗ ಉಣ್ಣೆಯ ಅಂಗಿಯನ್ನು ಇಟ್ಟುಕೊಂಡೆಯಾ ಎಂದಷ್ಟೇ ಕೇಳಬೇಡಿರಿ. ಮಾರ್ಗದರ್ಶಿ ಯಾರು, ಆ ವಾರದ ಹಿಮದ ಸೂಚನೆ ಏನು, ಹುಡುಕುವ ಯಂತ್ರವೂ ಸಲಾಕೆ-ಸಲಿಕೆಗಳೂ ಇವೆಯೇ, ಎಷ್ಟು ಹೊತ್ತಿಗೆ ತಿರುಗಬೇಕೆಂದು ಗೊತ್ತಾಗಿದೆಯೇ ಎಂದು ಕೇಳಿರಿ. ಉತ್ತರ ಬರದಿದ್ದರೆ ಹಣ ತುಂಬಬೇಡಿರಿ. ಹೆಣ್ಣು ಕೊಡುವ ಮುಂಚೆ ಮನೆತನವನ್ನು ಹತ್ತು ಕಡೆ ವಿಚಾರಿಸುವ ನಾವು, ಮಕ್ಕಳನ್ನು ಹಿಮದ ಬಾಯಿಗೆ ಕಳಿಸುವಾಗ ಒಂದು ಕಡೆಯಾದರೂ ವಿಚಾರಿಸಬಾರದೇ?

ಬೆಟದೂರಿನ ಮಗನಿಗಾಗಿ ನಾವು ಹಚ್ಚಿದ ದೀಪಗಳು ಆರಿ ಬಹಳ ದಿನಗಳಾದವು. ಆತನಂತೆ ಈ ಹೊತ್ತು ಹಿಮದ ನಡುವೆ ಕಾವಲು ನಿಂತವರು, ರಸ್ತೆ ಕಡಿಯುವವರು, ಬೆಟ್ಟ ಹತ್ತುವವರು ಎಷ್ಟೋ ಜನರಿದ್ದಾರೆ. ಅವರ ಸಲುವಾಗಿ ಮಾಡಬೇಕಾದ ಕೆಲಸಕ್ಕೆ ಹಿಮ ಬೀಳುವ ಮುಂಚಿನ ದಿನಗಳೇ ಕಾಲ. ಸರಕಾರವೂ, ಸಂಸ್ಥೆಗಳೂ, ನಮ್ಮ ಊರ ಹಿರಿಯರೂ ಇದನ್ನು ಮನಸ್ಸಿಗೆ ತಂದುಕೊಂಡು ಈ ಚಳಿಗಾಲಕ್ಕಿಂತ ಮೊದಲೇ ತಮ್ಮ ತಮ್ಮ ಪಾಲಿನ ಕೆಲಸವನ್ನು ಆರಂಭಿಸಬೇಕೆಂದು ನಾವು ಆಗ್ರಹಪೂರ್ವಕವಾಗಿ ಕೇಳಿಕೊಳ್ಳುತ್ತೇವೆ.